ಆರತಿ ನೀರಿಗೆ ಸುಣ್ಣ

ಹತ್ತನೇ ತರಗತಿಯ ಆ ವರ್ಷವನ್ನು ನೆನೆದರೆ ನನಗೆ ಮೊದಲು ಕೇಳಿಸುವುದು ಮಗ್ಗದ ಸದ್ದು. ಮೊಳಕಾಲ್ಮುರಿನ ನಮ್ಮ ಮನೆಯ ನಡುಮನೆಯಲ್ಲಿ ಅಣ್ಣ ಗುಂಡಿಮಗ್ಗದಲ್ಲಿ ಕೂತು ರೇಷ್ಮೆ ಸೀರೆ ನೇಯುತ್ತಿದ್ದ. ನಾನು ಗೋಡೆಗೊರಗಿ ಕಂಡಿಕೆಗೆ ನೂಲು ಸುತ್ತುತ್ತಾ, ಲಾಳಿಯ ತಾಳಕ್ಕೆ ಲೋಹಗಳ ಕ್ರಿಯಾಶೀಲತೆಯ ಸಾಲು ಒಪ್ಪಿಸುತ್ತಿದ್ದೆ. ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಎಂದು ಶುರುವಾಗಿ ಸತು, ಕಬ್ಬಿಣ, ತಾಮ್ರ, ಬೆಳ್ಳಿ ದಾಟಿ ಚಿನ್ನಕ್ಕೆ ಬರುವಷ್ಟರಲ್ಲಿ ಕಂಡಿಕೆ ತುಂಬಿರುತ್ತಿತ್ತು. ಹಾಗೆ ಅರೆನಿದ್ದೆಯಲ್ಲಿ ಕಲಿತದ್ದು ಇವತ್ತಿಗೂ ಮರೆತಿಲ್ಲ; ಎಚ್ಚರವಿದ್ದು ಕಲಿತ ಎಷ್ಟೋ ಸಂಗತಿಗಳು ಹಾರಿಹೋಗಿವೆ.

ಶಾಲೆಯಲ್ಲಿ ನಮ್ಮ ವಿಜ್ಞಾನದ ಮೇಡಂ ಆಮ್ಲದೊಳಗೆ ಸತುವಿನ ಚೂರು ಹಾಕಿ ಗುಳ್ಳೆ ಏಳಿಸಿ ತೋರಿಸಿದರು. ಅದೇ ಆಮ್ಲಕ್ಕೆ ತಾಮ್ರದ ತಂತಿ ಇಳಿಬಿಟ್ಟರೆ ಅದು ಜಪ್ಪಯ್ಯ ಅನ್ನಲಿಲ್ಲ. ಇನ್ನೊಂದು ದಿನ ತಾಮ್ರದ ಆಕ್ಸೈಡಿನ ಕಪ್ಪು ಪುಡಿಯನ್ನು ಬಿಸಿ ಆಮ್ಲಕ್ಕೆ ಸುರಿದು ಕಲಕಿದಾಗ, ಆ ಮಸಿ ಕರಗಿ ಬೇಸಿಗೆಯ ಆಕಾಶದ ನೀಲಿ ಬಂತು. ಸೋಸಿ, ಕಾಯಿಸಿ, ಕಿಟಕಿಯಲ್ಲಿಟ್ಟು ಮನೆಗೆ ಹೋದೆವು. ಮರುದಿನ ನೋಡಿದರೆ ಬಟ್ಟಲ ತಳದಲ್ಲಿ ನೀಲಿ ಹರಳು. ಆಮ್ಲವೂ ಅಲ್ಲ, ಆ ಕಪ್ಪು ಪುಡಿಯೂ ಅಲ್ಲ, ಇಬ್ಬರೂ ತಮ್ಮ ಗುಣ ಬಿಟ್ಟುಕೊಟ್ಟ ಮೇಲೆ ಉಳಿದ ಲವಣ. ನನಗೆ ಹುಚ್ಚು ಹಿಡಿದದ್ದು ಅಲ್ಲೇ.

ಅಂದಿನಿಂದ ಮನೆಮಂದಿಯನ್ನೆಲ್ಲ ಲೋಹಗಳ ಸಾಲಿನಲ್ಲಿ ನಿಲ್ಲಿಸಿ ನೋಡುವ ಚಟ ಅಂಟಿತು. ನಾನು ಸೋಡಿಯಂ, ನೀರು ಸೋಕಿದರೂ ಉರಿಯುವವಳು. ಅವ್ವ ಕಬ್ಬಿಣ, ನಿಧಾನ, ಆದರೆ ಒಳಗೊಳಗೇ ತುಕ್ಕು. ಎಲ್ಲರಿಗಿಂತ ಕೊನೆಗೆ ಚಿನ್ನದ ಜಾಗದಲ್ಲಿ ದೊಡ್ಡಜ್ಜಿ, ಅಂದರೆ ಅಪ್ಪನ ಸೋದರತ್ತೆ. ಯಾವ ಹುಳಿಗೂ ಯಾವ ಸಿಹಿಗೂ ಕರಗದ ಹೆಂಗಸು. ವಯಸ್ಸಿನಲ್ಲಿ ರೇಷ್ಮೆಗೆ ಬಣ್ಣ ಹಾಕುವುದರಲ್ಲಿ ಎತ್ತಿದ ಕೈಯಾಗಿದ್ದಳಂತೆ. ಈಗ ಬೆರಳು ಸೊಟ್ಟಗಾಗಿ ಜಗಲಿ ಹಿಡಿದಿದ್ದಳು, ಸುಣ್ಣದ ಡಬ್ಬಿಯನ್ನು ಸೊಂಟದಿಂದ ಇಳಿಸುತ್ತಿರಲಿಲ್ಲ.

ಅಣ್ಣನಿಗೆ ಚಳ್ಳಕೆರೆಯ ಹುಡುಗಿ ನಿಶ್ಚಯವಾದಾಗ ಮುನಿಸಿಕೊಂಡವಳು ದೊಡ್ಡಜ್ಜಿ ಒಬ್ಬಳೇ. ಹುಡುಗಿಯ ಅಪ್ಪ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಕುಲ ಒಂದೇ, ಆದರೆ ಅವರ ಮನೆಯಲ್ಲಿ ಮಗ್ಗ ನಿಂತು ಒಂದು ತಲೆಮಾರೇ ಆಗಿತ್ತು.

"ನೂಲು ಮುಟ್ಟದ ಹುಡುಗಿ, ಬಣ್ಣ ಅಂದ್ರೆ ಏನು ಅಂತ ಗೊತ್ತೈತಾ ಅದಕ್ಕೆ?" ಎಂದಿದ್ದಳು.

ಅದು ಸುಮ್ಮನೆ ಮಾತಲ್ಲ. ದೊಡ್ಡಜ್ಜಿ ಒಪ್ಪದವರು ನಮ್ಮ ಮನೆಯಲ್ಲಿ ಕೊನೆತನಕ ನೆಂಟರೇ. ರಾಯದುರ್ಗದಲ್ಲಿದ್ದ ಚಿಕ್ಕಮ್ಮನಿಗೆ, ಅಂದರೆ ಚಿಕ್ಕಪ್ಪನ ಹೆಂಡತಿಗೆ, ಮಕ್ಕಳಾಗಿ, ಆ ಮಕ್ಕಳಿಗೆ ಮೀಸೆ ಬಂದಿದ್ದರೂ ದೊಡ್ಡಜ್ಜಿ ಆಕೆಯನ್ನು "ಆ ಹೊಸಬಳು" ಎಂದೇ ಕರೆಯುತ್ತಿದ್ದಳು. ಬರುವ ಅತ್ತಿಗೆಗೂ ಅದೇ ಗತಿಯೇ ಎಂಬುದೇ ನನ್ನ ಚಿಂತೆ. ಅಕ್ಕನಿಲ್ಲದೆ ಬೆಳೆದ ನನಗೆ ಅವಳು ಬೇಕಾಗಿದ್ದಳು, ಹಟ ಹಿಡಿದ ಮಗುವಿಗೆ ಬೇಕಾದಂತೆ ಬೇಕಾಗಿದ್ದಳು.

ಮದುವೆ ಚಳ್ಳಕೆರೆಯಲ್ಲಾಯಿತು. ಮಧ್ಯಾಹ್ನ ಬಾಡಿಗೆ ಬಸ್ಸಿನಲ್ಲಿ ಹೊರಟೆವು. ಆರತಿಯ ಸಿದ್ಧತೆಗೆಂದು ಅವ್ವ, ಚಿಕ್ಕಮ್ಮ ಮುಂಚೆಯೇ ಹೋಗಿದ್ದರು. ನಾನು ಅತ್ತಿಗೆಯ ಪಕ್ಕ ಜಾಗ ಗಿಟ್ಟಿಸಿಕೊಂಡಿದ್ದೆ. ಮಿಲ್ಲುಗಳ ಎಣ್ಣೆ ವಾಸನೆ ಹಿಂದಾಯಿತು. ಬಿಸಿಲು ಹಳದಿಯಾಗಿ, ಬಯಲೆಲ್ಲ ನಿದ್ದೆಯಲ್ಲಿ ಕಂಡಂತಿತ್ತು. ಅವಳ ಮಲ್ಲಿಗೆ ದಂಡೆ ನನ್ನ ಭುಜಕ್ಕೆ ತಾಗುತ್ತಿತ್ತು.

"ನಿಂಗೆ ಯಾವ ಪಾಠ ಇಷ್ಟ?" ಎಂದು ಕೇಳಿದಳು.

"ಲವಣ ಮಾಡೋದು," ಎಂದೆ.

ಅವಳು ನಕ್ಕಳು. "ನಾನೂ ಪಿಯುಸಿಲಿ ಸೈನ್ಸ್ ಓದೀನಿ. ತೊಟ್ಟು ತೊಟ್ಟೇ ಬಿಟ್ಟು ಬಣ್ಣ ತಿರುಗೋದನ್ನ ಕಾಯ್ತಿದ್ವಲ್ಲ, ಅದೊಂದೇ ನಂಗೆ ಸೇರ್ತಿದ್ದುದು." ಆಮೇಲೆ ಮೆಲ್ಲಗೆ, "ನಿಮ್ಮಜ್ಜಿ ಭಾಳ ಬೈತಾರಂತೆ, ಹೌದಾ?" ಎಂದಳು. ನಾನು ಕಿಟಕಿಯಾಚೆ ನೋಡಿದೆ.

ಮನೆ ಮುಟ್ಟಿದಾಗ ಸಂಜೆ ಕೆಂಪಾಗಿತ್ತು. ಹೊಸಿಲ ಮೇಲೆ ಅಕ್ಕಿ ತುಂಬಿದ ಚೊಂಬು. ಅವ್ವ ಅರಿಸಿನ, ಸುಣ್ಣ ಕಲಸಿದ ಕೆಂಪು ನೀರಿನ ಹಿತ್ತಾಳೆ ತಟ್ಟೆ ಹಿಡಿದು ಬಂದಳು. ಚಿಕ್ಕಮ್ಮ ಇಣುಕಿ, "ನೀರು ಕಮ್ಮಿ ಆತು ಅಕ್ಕ" ಎಂದು ಅಂಗಳದ ಬಕೆಟ್ಟಿನಿಂದ ಒಂದು ಲೋಟ ಮೊಗೆದು ಸುರಿದೇಬಿಟ್ಟಳು.

ಆ ಪ್ಲಾಸ್ಟಿಕ್ ಬಕೆಟ್ಟು ನಮ್ಮ ಮನೆಯ ಹಸುಗೂಸಿಗೂ ಗೊತ್ತು. ಬಣ್ಣ ಹಾಕಿದ ರೇಷ್ಮೆ ಲಡಿಗಳನ್ನು ಕೊನೆಗೆ ಹುಳಿನೀರಲ್ಲಿ ಅದ್ದಿ ತೆಗೆಯುವುದು ಅಪ್ಪನ ಪದ್ಧತಿ. ಆಗಲೇ ರೇಷ್ಮೆ ಹಿಂಡಿದರೆ ಸರಸರ ಅನ್ನುವುದು. ಮದುವೆಗೆ ಹೊರಡುವ ಮುಂಚೆಯೂ ಅಪ್ಪ ಒಂದಿಷ್ಟು ಲಡಿ ಅದ್ದಿ, ಆಮ್ಲ ಬೆರೆತ ಆ ನೀರನ್ನು ಹಾಗೇ ಬಿಟ್ಟು ಬಂದಿದ್ದ. ಬೇರೆ ಊರಲ್ಲಿರುವ ಚಿಕ್ಕಮ್ಮನಿಗೆ ಅದು ಬರೀ ನೀರು.

ತಟ್ಟೆಯ ಕೆಂಪು ಎಲ್ಲರ ಕಣ್ಣೆದುರೇ ಹಳದಿಯಾಯಿತು.

"ಅಯ್ಯೋ, ಇದೇಮಮ್ಮಾ ಇದಿ!" ಎಂದು ಯಾರೋ ತೆಲುಗಿನಲ್ಲಿ ಚೀರಿದರು. ಫೋನಿನಲ್ಲಿ ವಿಡಿಯೋ ಹಿಡಿಯುತ್ತಿದ್ದ ಕೈಗಳು ಕೆಳಗಿಳಿದವು. ಅತ್ತಿಗೆಯ ಮುಖದ ಕಳೆಯೂ ಇಳಿಯಿತು.

"ಶಕುನ ಅಲ್ಲ! ಹುಳಿನೀರು ಬಿದ್ದೈತೆ! ಅರಿಸಿನ ಸೂಚಕ!" ಎಂದು ನನ್ನೊಳಗಿನ ಸೋಡಿಯಂ ಸ್ಫೋಟಿಸಿತು. ಯಾರೂ ನನ್ನ ಕಡೆ ತಿರುಗಲಿಲ್ಲ.

ಅವ್ವ, "ಬ್ಯಾರೆ ಕಲಸ್ಕೊಂಡು ಬರ್ತೀನಿ" ಎಂದಳು.

ಜಗಲಿಯಿಂದ ದೊಡ್ಡಜ್ಜಿಯ ಮಾತು ಬಂತು. "ಒಂದು ಹೆಣ್ಣಿಗೆ ಎರಡು ಆರತಿ ಎತ್ತಲ್ಲ. ಎತ್ತಿದ್ದು ಕೆಂಪಾದ್ರೆ ಒಳಗೆ ಬರ್ಲಿ. ಆಗ್ಲಿಲ್ಲ ಅಂದ್ರೆ ಇವತ್ತು ಗುಡೀಲಿ ಮಲಗ್ಲಿ."

ನನಗೆ ಮೈಯೆಲ್ಲ ಉರಿಯಿತು. ಆದರೆ ಅತ್ತಿಗೆ ತಟ್ಟೆಯತ್ತ ಬಾಗಿ ಮೂಸಿದಳು. "ಸುಣ್ಣ ಇದ್ರೆ ಕೊಡ್ರಿ" ಎಂದು ಅವ್ವನನ್ನು ಕೇಳಿದಳು. ಮದುಮಗಳು ಹೊಸಿಲಲ್ಲಿ ನಿಂತು ಬಾಯಿ ಬಿಟ್ಟಳು ಎಂದು ಹಿಂದೆ ಗುಸುಗುಸು ಎದ್ದಿತು.

ಅಡುಗೆಮನೆಯ ಸುಣ್ಣ ಆರತಿಗೇ ಮುಗಿದಿತ್ತು. ಎಲೆಅಡಿಕೆ ಹಾಕುವ ಪಕ್ಕದ ಮನೆಯಾಕೆ ತನ್ನ ಡಬ್ಬಿ ಬಿಚ್ಚಿ ಒಂದು ಉಂಡೆ ಕೊಟ್ಟಳು. ಅತ್ತಿಗೆ ಅದನ್ನು ಬೆರಳ ತುದಿಯಲ್ಲಿ ಚೂರುಚೂರೇ ತಟ್ಟೆಗೆ ಬಿಡುತ್ತಾ, ಇನ್ನೊಂದು ಕೈಯಿಂದ ತಟ್ಟೆಯನ್ನು ಮೆಲ್ಲಗೆ ಸುತ್ತಿಸಿದಳು. ಸುಣ್ಣ ಬಿದ್ದಲ್ಲಿ ಕೆಂಪು ಅರಳಿತು, ಸುತ್ತಿತು, ಮಾಯವಾಯಿತು. ಮತ್ತೆ ಅರಳಿತು, ಮತ್ತೆ ಹೋಯಿತು. ಆಮ್ಲ, ಪ್ರತ್ಯಾಮ್ಲ ಸೇರಿ ಲವಣವಾಗುತ್ತಿದೆ ಎಂದು ನನಗೆ ಗೊತ್ತಿತ್ತು, ಆದರೂ ಕನಸು ಕಾಣುವವಳಂತೆ ನಿಂತಿದ್ದೆ. ಇಡೀ ಬೀದಿ ಉಸಿರು ಹಿಡಿದಿತ್ತು. ಉಂಡೆ ಮುಗಿಯಿತು. ನೀರು ಇನ್ನೂ ಹಳದಿ.

ಅಷ್ಟರಲ್ಲಿ ಒಳಗೆ ಯಾರೋ ದೀಪ ಹಚ್ಚಿದರು. ದೀಪ ಹಚ್ಚಿದ ಮೇಲೆ ಸುಣ್ಣವನ್ನು ನೆರೆಯವರೂ ಕೊಡುವುದಿಲ್ಲ, ಅಂಗಡಿಯವನೂ ಮಾರುವುದಿಲ್ಲ. ಉಳಿದದ್ದು ದೊಡ್ಡಜ್ಜಿಯ ಡಬ್ಬಿ.

ಅವಳು ಆಗಲೇ ಜಗಲಿಯಿಂದ ಎದ್ದು, ಬಾಗಿಲ ಚೌಕಟ್ಟು ಹಿಡಿದು ತಟ್ಟೆಯನ್ನೇ ನೋಡುತ್ತಿದ್ದಳು.

"ಇನ್ನೊಂದು ಚೂರು ಸಾಕಜ್ಜಿ," ಎಂದಳು ಅತ್ತಿಗೆ.

"ಚೂರೇ ಸಾಕು ಅಂತ ನಿಂಗೆ ಹೆಂಗೆ ಗೊತ್ತು?"

"ಮೊದ್ಲು ಬಂದ ಕೆಂಪು ತಟ್ ಅಂತ ಹೋಗ್ತಿತ್ತು. ಈಗ ನಿಧಾನಕ್ಕೆ ಹೋಗ್ತೈತೆ. ಬಣ್ಣ ನಿಲ್ಲೋದಕ್ಕೆ ಹತ್ರ ಬಂದೈತೆ."

ದೊಡ್ಡಜ್ಜಿಯ ಸೊಟ್ಟ ಬೆರಳುಗಳು ಡಬ್ಬಿಯ ಮೇಲೆ ಆಡಿದವು. ಆಮೇಲೆ ಹೇಳಿದಳು, "ದೀಪ ಹಚ್ಚಿದ ಮ್ಯಾಲೆ ಹೊರಗಿನೋರಿಗೆ ಸುಣ್ಣ ಕೊಡಬಾರ್ದು ಕಣವ್ವ. ಮನೆ ಲಕ್ಷ್ಮಿ ಹೋಗ್ತಾಳೆ."

ಅತ್ತಿಗೆ ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡು ತಲೆ ತಗ್ಗಿಸಿದಳು. ಅಣ್ಣ ಬಾಯಿ ತೆರೆದ, ಅಪ್ಪ ಅವನ ತೋಳು ಹಿಡಿದ. ನಾನು ಬಿಕ್ಕುತ್ತಿದ್ದೆ, ಹೇಳಲು ನಾಚಿಕೆಯೇನಿಲ್ಲ.

ಡಬ್ಬಿಯ ಮುಚ್ಚಳ ಟಕ್ಕೆಂದಿತು. ದೊಡ್ಡಜ್ಜಿ ಉಗುರಲ್ಲಿ ಸುಣ್ಣ ಗೀರಿ ತೆಗೆದು, ಹೊಸಿಲಾಚೆ ಬಾಗಿ, ಅತ್ತಿಗೆಯ ಕೈ ತಾನೇ ಎಳೆದುಕೊಂಡು ಅಂಗೈಗೆ ಒತ್ತಿದಳು.

"ಹೊರಗಿನೋಳಿಗೆ ಕೊಟ್ಟಿಲ್ಲ," ಎಂದಳು ಎಲ್ಲರಿಗೂ ಕೇಳುವ ಹಾಗೆ. "ನಮ್ಮನೆ ಹುಡುಗಿಗೆ ಕೊಟ್ಟೀನಿ. ಹಾಕು."

ಅತ್ತಿಗೆ ಹಾಕಿದಳು. ಕೆಂಪು ಅರಳಿ, ತಟ್ಟೆಯ ಅಂಚಿನವರೆಗೂ ಹರಡಿ, ಅಲ್ಲೇ ನಿಂತಿತು. ಆಗ ಅವಳಿಗೆ ಅಳು ಒತ್ತರಿಸಿ ಬಂತು. ದೊಡ್ಡಜ್ಜಿ ತನ್ನ ಸೆರಗಿನಿಂದ ಅವಳ ಕೆನ್ನೆ ಒರಟಾಗಿ ಒರೆಸಿ ಗದರಿದಳು:

"ತಟ್ಟೆ ಮ್ಯಾಲೆ ಅಳಬ್ಯಾಡ. ಬಣ್ಣ ಈಗಿನ್ನೂ ನಿಂತೈತೆ."