ಎರಡನೆಯ ಗೋಲಿಯ ತಾಯಿ

ನನ್ನ ಮಗ ಗೋಲಿ. ಐಸ್ ಹಾಕಿಯಲ್ಲಿ ಗೋಲ್‌ಕೀಪರನನ್ನು ಇಲ್ಲಿ ಇಂಗ್ಲೆಂಡಿನಲ್ಲಿ ಹಾಗೇ ಕರೆಯುತ್ತಾರೆ. ಧಾರವಾಡದಲ್ಲಿ ಅಕ್ಕನ ಜೊತೆಗಿರುವ ನನ್ನ ಅವ್ವನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವಳು, ಇಷ್ಟು ದೊಡ್ಡ ಹುಡುಗ ಇನ್ನೂ ಗೋಲಿ ಆಡುತ್ತಾನೆಯೇ, ಓದುವುದು ಯಾವಾಗ ಎಂದು ಕೇಳಿದಳು. ಐಸಿನ ಮೇಲೆ ಆಡುತ್ತಾನೆ ಎಂದೆ. ಐಸಿನ ಮೇಲೆ ಗೋಲಿ ನಿಲ್ಲುವುದಿಲ್ಲವಲ್ಲ ಎಂದಳು. ಆಗಷ್ಟೇ ಡ್ಯೂಟಿ ಮುಗಿಸಿ ಬಂದಿದ್ದೆ, ಬಿಡಿಸಿ ಹೇಳುವ ತ್ರಾಣ ಇರಲಿಲ್ಲ. ಹೌದವ್ವ, ನಿಲ್ಲುವುದಿಲ್ಲ ಎಂದು ಹೇಳಿ ಫೋನ್ ಇಟ್ಟೆ.

ಗೋಲಿಗಳಲ್ಲೂ ಅವನು ಎರಡನೆಯವನು. ಅವನ ಯೂನಿವರ್ಸಿಟಿ ತಂಡದಲ್ಲಿ ಇಬ್ಬರು ಗೋಲಿಗಳಿದ್ದಾರೆ. ಒಬ್ಬ ಆಡುತ್ತಾನೆ, ಇನ್ನೊಬ್ಬ ಅಷ್ಟೇ ಭಾರದ ಪ್ಯಾಡು, ಎದೆಕವಚ, ಕೈಗವಸು ಎಲ್ಲ ತೊಟ್ಟು ಬೆಂಚಿನ ತುದಿಯಲ್ಲಿ ಕೂರುತ್ತಾನೆ. ಮೊದಲನೆಯವನಿಗೆ ಏನಾದರೂ ಆದರೆ ಇವನು ಇಳಿಯಬೇಕು. ಮೊದಲನೆಯವನಿಗೆ ಏನೂ ಆಗುವುದಿಲ್ಲ. ಉಳಿದ ಆಟಗಾರರು ಐಸಿಗೆ ಇಳಿಯುವಾಗ, ದಣಿದು ವಾಪಸು ಬರುವಾಗ ಐಸಿನ ಸುತ್ತ ಇರುವ ಕಟ್ಟೆಯ ಸಣ್ಣ ಬಾಗಿಲನ್ನು ತೆಗೆದು ಮುಚ್ಚುವುದು ಎರಡನೆಯ ಗೋಲಿಯ ಕೆಲಸ. ಸಣ್ಣಪುಟ್ಟ ಪಂದ್ಯಗಳಲ್ಲಿ ಆಡಿದ್ದಾನಂತೆ. ಅವೆಲ್ಲ ಎಲ್ಲೋ ದೂರದ ಊರುಗಳಲ್ಲಿ, ನನ್ನ ಆಸ್ಪತ್ರೆಯ ಆನ್‌ಕಾಲ್ ದಿನಗಳಲ್ಲಿ ನಡೆದವು. ನಾನು ಹೋಗಿ ನೋಡಿದ ಮ್ಯಾಚುಗಳಲ್ಲೆಲ್ಲ ನನ್ನ ಮಗ ಬಾಗಿಲು ತೆಗೆದಿದ್ದಾನೆ. ಬಹಳ ಚೆನ್ನಾಗಿ ತೆಗೀತಾನೆ ಎಂದು ನನ್ನ ಗಂಡ ತಮಾಷೆ ಮಾಡಿದರು. ಅವತ್ತು ಮನೆ ತಲುಪುವವರೆಗೂ ಅವರ ಜೊತೆ ನಾನು ಮಾತಾಡಲಿಲ್ಲ.

ನಾನು ಅರಿವಳಿಕೆ ಕೊಡುವ ಡಾಕ್ಟರು. ಆಪರೇಷನ್ ಥಿಯೇಟರಿನಲ್ಲಿ ಜನರನ್ನು ನಿದ್ದೆಗೆ ಕಳಿಸಿ, ಅವರ ತಲೆಯ ಹತ್ತಿರ ಸ್ಟೂಲ್ ಹಾಕಿಕೊಂಡು, ಏನೂ ಆಗದಿರಲಿ ಎಂದು ಮಾನಿಟರ್ ನೋಡುತ್ತ ಕೂರುವುದು ನನ್ನ ಕೆಲಸ. ಕತ್ತರಿ ಹಿಡಿಯುವವರು ಬೇರೆ, ಹೆಸರು ಬರುವುದೂ ಅವರಿಗೇ. ಮಗನಿಗೂ ಇದೇ ಹಣೆಬರಹ ಬಂತಲ್ಲ ಎಂದು ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಕೇಳಿದರೆ ಗೊತ್ತಿಲ್ಲ.

ಅವನಿಗೆ ಈ ಹುಚ್ಚು ಹತ್ತಿದ್ದು ಸಣ್ಣವನಿದ್ದಾಗ, ಇನ್ಯಾರದೋ ಹುಟ್ಟುಹಬ್ಬದಲ್ಲಿ. ಶಾಲೆಯ ಗೆಳೆಯನೊಬ್ಬನ ಪಾರ್ಟಿಗೆಂದು ಮಕ್ಕಳನ್ನೆಲ್ಲ ಐಸ್ ರಿಂಕಿಗೆ, ಅಂದರೆ ಮಂಜುಗಡ್ಡೆಯ ಆಟದಂಗಳಕ್ಕೆ, ಕರೆದುಕೊಂಡು ಹೋಗಿದ್ದರು. ಇವನು ಮನೆಗೆ ಬರಲು ಒಪ್ಪಲೇ ಇಲ್ಲ. ಲಂಡನ್ನಿನ ಅಂಚಿನ ನಮ್ಮ ಪಿನ್ನರ್ ಸುತ್ತಲಿನ ಕನ್ನಡದ ಮನೆಗಳ ಹುಡುಗರು ಕ್ರಿಕೆಟ್ಟಿಗೋ ಚೆಸ್ಸಿಗೋ ಹೋಗುತ್ತಿದ್ದರು. ರೇನರ್ಸ್ ಲೇನಿನ ಅಂಗಡಿಯಲ್ಲಿ ಕೊತ್ತಂಬರಿ ಆರಿಸುವಾಗ ಸಿಕ್ಕವರು, ಹಾಕಿ ಅಂದರೆ ನಮ್ಮ ಹಾಕಿಯೇ ಎಂದು ಕೇಳಿ, ಅಲ್ಲ ಎಂದ ಮೇಲೆ ನನ್ನನ್ನು ಕನಿಕರದಿಂದ ನೋಡುತ್ತಿದ್ದರು. ರಿಂಕಿನವರು ಮಕ್ಕಳ ತರಬೇತಿಗೆ ಜಾಗ ಬಿಟ್ಟುಕೊಡುತ್ತಿದ್ದದ್ದು ಬೆಳಕು ಹರಿಯುವ ಮುಂಚೆ. ಗ್ರೀನ್‌ಫರ್ಡಿನ ಗೋದಾಮುಗಳಿಗೆ ಹೋಗುವ ಲಾರಿಗಳ ಹಿಂದೆ ಸಿಕ್ಕಿಕೊಂಡು, ಅವನನ್ನು ಬಿಟ್ಟು, ಕಾದು, ಶಾಲೆಗೆ ತಲುಪಿಸಿ, ಆಮೇಲೆ ನಾನು ಆಸ್ಪತ್ರೆಗೆ ಓಡಬೇಕಿತ್ತು. ಕಾರೆಲ್ಲ ಅವನ ಚೀಲದ ವಾಸನೆ. ಹಾಕಿ ಚೀಲದ ವಾಸನೆ ಉಂಡವರಿಗೇ ಗೊತ್ತು, ಒದ್ದೆ ನಾಯಿಗೆ ಹುಳಿ ಮಜ್ಜಿಗೆ ಸುರಿದ ಹಾಗಿರುತ್ತದೆ. ಆ ಚೀಲ ಗ್ಯಾರೇಜು ದಾಟಿ ಒಳಗೆ ಬರಕೂಡದು ಎಂಬುದು ನಮ್ಮ ಮನೆಯ ಕಾನೂನು.

ಇಷ್ಟೆಲ್ಲ ಆಗಿ, ಸಂಜೆ ಮನೆಗೆ ಬಂದು ಶೂ ಬಿಚ್ಚಲು ಮೆಟ್ಟಿಲ ಮೇಲೆ ಕುಳಿತಾಗ ನನ್ನ ಬಾಯಿಂದ ತಾನಾಗಿ ಬೀಳುವ ಮಾತು ಒಂದೇ: ಸಾಕಾತು. ಮೈಸೂರಿನವರಾದ ನನ್ನ ಗಂಡ ಸುಸ್ತು ಎನ್ನುತ್ತಾರೆ, ಅದು ಕಾಲಿಗೆ ಸಂಬಂಧಪಟ್ಟ ಮಾತು. ನಮ್ಮ ಕಡೆಯ ಸಾಕಾತು ಕಾಲು, ತಲೆ, ಕೆಲಸ, ಈ ದೇಶದ ಮೋಡ ಎಲ್ಲವನ್ನೂ ಸೇರಿಸಿಕೊಳ್ಳುತ್ತದೆ. ಅದನ್ನು ಕೇಳಿದ ಕೂಡಲೇ ಗಂಡ ಕಾಫಿಗೆ ಇಡುತ್ತಾರೆ. ಮಗ ಮಾತ್ರ, ಸಣ್ಣವನಿದ್ದಾಗಿನಿಂದಲೂ, ನಾನು ಸಾಕಾತು ಎಂದರೆ ‘ಗುಡ್’ ಎಂದು ಹೇಳಿ ತನ್ನ ಪಾಡಿಗೆ ತಾನು ಹೋಗುತ್ತಿದ್ದ. ಒಂದು ದಿನವೂ ಅಯ್ಯೋ ಎಂದವನಲ್ಲ. ಹುಡುಗನದು ಕಲ್ಲುಮನಸ್ಸು, ಅಪ್ಪನ ಕಡೆಯಿಂದ ಬಂದಿರಬೇಕು ಎಂದು ನಾನು ತೀರ್ಮಾನಿಸಿದ್ದೆ. ಅವನಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವನ ಬಾಯಲ್ಲಿ ಗಟ್ಟಿಯಾಗಿ ಉಳಿದ ಕನ್ನಡವೆಂದರೆ ಅಮ್ಮ, ಅಪ್ಪ, ಮತ್ತು ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಲು ಹೋದಾಗ ಕೈ ಅಡ್ಡ ಹಿಡಿದು ಹೇಳುವ ಸಾಕು.

ಈ ವರ್ಷ ಅವನ ಓದಿನ ಕೊನೆಯ ವರ್ಷ. ದೇಶದ ಯೂನಿವರ್ಸಿಟಿಗಳ ಗಂಡಸರ ಐಸ್ ಹಾಕಿ ಚಾಂಪಿಯನ್‌ಶಿಪ್ಪಿಗೆ ಅವನ ತಂಡ ಆಯ್ಕೆಯಾಯಿತು. ಪಂದ್ಯಗಳು ನಡೆಯುವುದು ಲಂಡನ್ನಿನಲ್ಲೇ, ಪೂರ್ವದಂಚಿನ ಒಂದು ರಿಂಕಿನಲ್ಲಿ, ಶನಿವಾರ ಮತ್ತು ಭಾನುವಾರ. ಬರಬೇಡಮ್ಮ, ಸುಮ್ಮನೆ ದಣಿಯುತ್ತೀಯ, ನಾನು ಆಡುವುದು ಅನುಮಾನ ಎಂದು ಅವನು ಫೋನ್ ಮಾಡಿ ಹೇಳಿದ. ಇದಾದ ಮೇಲೆ ಕೆಲಸ ಹುಡುಕಬೇಕು, ಹಾಕಿ ಮುಗಿಯಿತು ಎಂದೂ ಹೇಳಿದ. ನನಗೆ ಗೆಲುವಿನ ಕಪ್ ಬೇಕಿರಲಿಲ್ಲ, ಅದು ಯಾರ ಮನೆಗಾದರೂ ಹೋಗಲಿ. ಒಂದು ಸಲ, ಒಂದೇ ಸಲ, ಅವನು ಆ ಬಾಗಿಲು ದಾಟಿ ಆಡುವುದನ್ನು ನಾನು ನೋಡಬೇಕಿತ್ತು. ಆ ವಾರವೆಲ್ಲ ಆನ್‌ಕಾಲ್ ಮಾಡಿ ಕಣ್ಣು ಉರಿಯುತ್ತಿದ್ದರೂ ಬಂದೇ ಬರುತ್ತೇನೆ ಎಂದೆ.

ಶನಿವಾರ ಗಂಡ ಕಾರು ಓಡಿಸಿದರು. ಕಾರಿನಲ್ಲಿ ಮಲಗಿದೆ, ರಿಂಕಿನ ಮೆಟ್ಟಿಲು ಹತ್ತಿ ಕುಳಿತಲ್ಲೂ ತೂಕಡಿಸಿದೆ. ಒಳಗಿನ ಚಳಿ ಹೊರಗಿನದಕ್ಕಿಂತ ಬೇರೆ. ಅದು ಕೆಳಗಿನಿಂದ, ಸೀಟಿನ ಪ್ಲಾಸ್ಟಿಕ್ಕಿನ ಮೂಲಕ ಹತ್ತುತ್ತದೆ. ನನ್ನ ಪಕ್ಕದಲ್ಲಿ ಕೂತವಳು ಮೊದಲನೆಯ ಗೋಲಿಯ ತಾಯಿ. ಒಳ್ಳೆಯ ಹೆಂಗಸು, ತನ್ನ ಕಂಬಳಿಯ ಅರ್ಧ ನನ್ನ ಕಾಲಿನ ಮೇಲೆ ಹಾಕಿದಳು. ನಾನು ಶೇಂಗಾ ಚಟ್ನಿಪುಡಿ ಸವರಿದ ಚಪಾತಿ ಸುರುಳಿ ಕೊಟ್ಟೆ, ಕಣ್ಣಲ್ಲಿ ನೀರು ತಂದುಕೊಂಡು ಪೂರ್ತಿ ತಿಂದಳು. ನಿನ್ನ ಮಗ ಎಂಥ ಹುಡುಗ, ಬೆಂಚಿನ ಮೇಲೆ ಕೂತೂ ಯಾವಾಗಲೂ ನಗುತ್ತಿರುತ್ತಾನೆ ಎಂದಳು. ಆಡುವವನ ತಾಯಿ ಹಾಗೆ ಹೇಳಿದರೆ ನನಗೆ ಉರಿಯದೆ ಇರುತ್ತದೆಯೇ? ಡಾಕ್ಟರಾಗಿ ಇಂಥದನ್ನು ಬಯಸಬಾರದು. ಆದರೂ ಅವಳ ಮಗನಿಗೆ ಒಂದು ಸಣ್ಣ ಹೊಟ್ಟೆನೋವು, ಸಂಜೆಗೆ ವಾಸಿಯಾಗುವಂಥದ್ದು, ಬರಲಿ ಎಂದು ಅವಳ ಕಂಬಳಿಯಡಿಯಲ್ಲಿ ಕುಳಿತೇ ಬಯಸಿದೆ.

ಹೊಟ್ಟೆನೋವು ಬರಲಿಲ್ಲ. ಆ ಹುಡುಗ ಬಂಡೆಯ ಹಾಗೆ ನಿಂತು ಬಂದದ್ದನ್ನೆಲ್ಲ ತಡೆದ. ನಮ್ಮ ತಂಡ ಶನಿವಾರದ ಪಂದ್ಯಗಳನ್ನೆಲ್ಲ ಗೆದ್ದಿತು. ನನ್ನ ಮಗ ಬಾಗಿಲು ತೆಗೆದ, ಮುಚ್ಚಿದ, ನೀರಿನ ಬಾಟಲಿ ಕೊಟ್ಟ, ಗೆದ್ದಾಗ ಎಲ್ಲರಿಗಿಂತ ಮೊದಲು ಎದ್ದು ಕುಣಿದ. ಅಷ್ಟು ಭಾರ ಹೊತ್ತು ಹೇಗೆ ಕುಣಿಯುತ್ತಾನೋ. ಕಾರಿನಲ್ಲಿ ಗಂಡ, ನಾಳೆ ನೀನು ಮಲಕ್ಕೋ, ನಾನೊಬ್ಬನೇ ಹೋಗಿ ಬರ್ತೀನಿ ಎಂದರು. ಬೆಳಿಗ್ಗೆ ಎದ್ದು ಅವರಿಗಿಂತ ಮೊದಲು ಕಾರಿನಲ್ಲಿ ಕುಳಿತೆ.

ಭಾನುವಾರದ್ದು ಸೆಮಿಫೈನಲ್. ಎದುರಿನ ತಂಡದ ಹುಡುಗರು ಐಸಿನ ಮೇಲೇ ಹುಟ್ಟಿದವರ ಹಾಗಿದ್ದರು. ಮೊದಲ ಭಾಗ ಮುಗಿಯುವ ಹೊತ್ತಿಗೆ ನಮ್ಮ ಮೇಲೆ ಎರಡು ಗೋಲು, ಎರಡನೆಯ ಭಾಗದಲ್ಲಿ ಇನ್ನೂ ಮೂರು. ಚೆಂಡಿನ ಬದಲು ಇರುವ ಕಪ್ಪು ರಬ್ಬರಿನ ಬಿಲ್ಲೆ ಎಲ್ಲಿಂದ ಬಂತು, ಹೇಗೆ ಒಳಗೆ ಹೋಯಿತು ಎಂದು ಕಾಣುವುದೇ ಇಲ್ಲ. ಗೋಲಿನ ಹಿಂದಿನ ದೀಪ ಹತ್ತಿದಾಗಲೇ ನನಗೆ ತಿಳಿಯುತ್ತಿದ್ದದ್ದು. ಪಕ್ಕದ ತಾಯಿ ಕಂಬಳಿಯ ಅಂಚನ್ನು ಹಿಂಡುತ್ತ ಕುಳಿತಿದ್ದಳು. ನಿನ್ನೆಯ ನನ್ನ ಬಯಕೆ ನೆನಪಾಗಿ ಅವಳ ಮುಖ ನೋಡಲು ಆಗಲಿಲ್ಲ.

ಕೊನೆಯ ಭಾಗ ಶುರುವಾಗುವಾಗ ಕೋಚು ಬೆಂಚಿನ ತುದಿಗೆ ನಡೆದುಬಂದು ನನ್ನ ಮಗನ ಹೆಗಲು ತಟ್ಟಿದ. ಮಗ ಮುಖವಾಡ ಹಾಕಿಕೊಂಡ. ಅವನಿಗೆ ಬಾಗಿಲು ತೆಗೆಯಲು ಅಲ್ಲಿ ಯಾರೂ ಇರಲಿಲ್ಲ. ತಾನೇ ತೆಗೆದುಕೊಂಡು ಇಳಿದು ಹೋದ.

‘ನೋಡೇ, ಹೋದ,’ ಎಂದರು ಗಂಡ, ನನ್ನ ಮೊಳಕೈ ಹಿಡಿದುಕೊಂಡು.

ನನಗೆ ಸಂತೋಷವಾಗಲಿಲ್ಲ. ಅವಮಾನವಾಯಿತು. ಗೆಲ್ಲುವಾಗ ಬೇಡವಾದವನು, ಎಲ್ಲ ಮುಗಿದ ಮೇಲೆ ನೆನಪಾದನೇ ಎಂದು ಹಲ್ಲು ಕಚ್ಚಿಕೊಂಡೆ. ಸೋತ ಪಂದ್ಯಕ್ಕೆ ಮೊದಲನೆಯವನನ್ನು ಯಾಕೆ ದಣಿಸಬೇಕು ಎಂಬ ಲೆಕ್ಕ. ಅಷ್ಟರಲ್ಲಿ ಬಿಲ್ಲೆ ಬಂತು, ಅವನ ಕಾಲಿನ ಪ್ಯಾಡಿಗೆ ಬಡಿದು ದಪ್ಪ್ ಎಂದಿತು. ಆ ಸದ್ದು ನಾವು ಕುಳಿತಲ್ಲಿಗೆ ಕೇಳಿಸಿತು. ಇನ್ನೊಂದನ್ನು ಕೈಗವಸಿನಲ್ಲಿ ಹಿಡಿದ. ಒಂದು ಅವನ ಕಾಲುಗಳ ನಡುವೆ ನುಸುಳಿ ಒಳಗೆ ಹೋಯಿತು. ಅವನು ತಿರುಗಿ ನೋಡಿ, ಬಾಟಲಿಯಿಂದ ಒಂದು ಗುಟುಕು ನೀರು ಕುಡಿದು, ಮತ್ತೆ ಬಗ್ಗಿ ನಿಂತ. ಆಮೇಲೆ ಬಂದವನ್ನೆಲ್ಲ ತಡೆದ. ಒಮ್ಮೆ ಪೂರ್ತಿ ಉದ್ದಕ್ಕೆ ಮಲಗಿ, ಒಮ್ಮೆ ಎದೆಯಿಂದ, ಒಮ್ಮೆ ಹೇಗೆ ಎಂದು ಅವನಿಗೂ ಗೊತ್ತಿರಲಾರದು. ಪಕ್ಕದ ತಾಯಿ ಎದ್ದು ನಿಂತು ಅವನ ಹೆಸರು ಕೂಗಿದಳು, ನಾನು ಕರೆಯುವುದಕ್ಕಿಂತ ಚೆನ್ನಾಗಿ. ನಾನು ಕೂತಲ್ಲೇ ಅಳುತ್ತಿದ್ದೆ.

ಸೋತರು. ಸಾಲಾಗಿ ನಿಂತು ಕೈ ಕುಲುಕಿದರು, ಎದುರಿನ ಗೋಲಿ ನನ್ನ ಮಗನ ಮುಖವಾಡದ ಮೇಲೆ ಮೆಲ್ಲಗೆ ಗುದ್ದಿದ. ನಾವು ಕೆಳಗಿಳಿದು ಬಟ್ಟೆ ಬದಲಿಸುವ ಕೋಣೆಗಳ ಮುಂದಿನ ಕಾರಿಡಾರಿನಲ್ಲಿ ನಿಂತೆವು. ಬಹಳ ಹೊತ್ತಾದ ಮೇಲೆ ಅವನು ಬಂದ. ಕೂದಲು ಒದ್ದೆ, ಮುಖ ಕೆಂಪು, ಚೀಲವನ್ನು ಎಳೆದುಕೊಂಡು ಬರುತ್ತಿದ್ದ. ಗಂಡ ಚೀಲ ಇಸಿದುಕೊಂಡರು. ಮಗ ನನ್ನ ಮುಂದೆ ನಿಂತ. ಮಾತು ಹುಡುಕುತ್ತಿದ್ದಾನೆ ಎಂದು ಗೊತ್ತಾಯಿತು, ಯಾಕೆಂದರೆ ಇಂಗ್ಲಿಷಿನಲ್ಲಿ ಅವನು ಹುಡುಕುವವನಲ್ಲ.

‘ಅಮ್ಮ,’ ಎಂದ. ‘ಸಾಕಾತು.’

ನನ್ನ ಧಾರವಾಡದ ದನಿಯಲ್ಲೇ ಹೇಳಿದ. ಇಷ್ಟು ವರ್ಷ ಬೆಳಗಿನ ಚಳಿಗೆ ಎಬ್ಬಿಸಿ, ಲಾರಿಗಳ ಹಿಂದೆ ಓಡಾಡಿಸಿ, ಕೊನೆಗೆ ಇವನ ಕೈಗೆ ಬಂದದ್ದು ನನ್ನ ದಣಿವೇ ಎನಿಸಿತು. ಅವನ ಒದ್ದೆ ತಲೆ ಹಿಡಿದುಕೊಂಡೆ.

‘ಇರ್ಲಿ ಬಿಡು ರಾಜಾ. ಮುಗೀತಲ್ಲ. ಇನ್ನ ಆ ಬಾಗಲಾ ತಗಿಯೂದು ಬ್ಯಾಡ, ಈ ಚೀಲಾ ಹೊರೂದು ಬ್ಯಾಡ.’

ಅವನು ಹಿಂದೆ ಸರಿದು ನನ್ನನ್ನು ನೋಡಿದ. ನಾನು ಯಾಕೆ ಸಮಾಧಾನ ಮಾಡುತ್ತಿದ್ದೇನೆ ಎಂಬುದೇ ಅವನಿಗೆ ತಿಳಿಯಲಿಲ್ಲ.

‘ನೋ ಅಮ್ಮ. ಸಾಕಾತು. ಲೈಕ್, ಐ ಆ್ಯಮ್ ಫುಲ್.’ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡ. ಊಟದಲ್ಲಿ ಹೇಳುತ್ತೇವಲ್ಲ, ಹಾಗೆ. ಆಡಿದೆ, ನೀನು ನೋಡಿದೆ, ಇನ್ನೇನೂ ಬೇಕಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದ. ಆಮೇಲೆ, ನೀನು ದಿನಾ ಆಸ್ಪತ್ರೆಯಿಂದ ಬಂದು ಹೇಳುತ್ತಿದ್ದೆಯಲ್ಲ, ನನಗೂ ಒಂದು ದಿನ ಹಾಗೆ ಹೇಳಬೇಕು ಅಂತ ಇತ್ತು ಎಂದ.

ಗಂಡನಿಗೆ ಒಂದು ಕ್ಷಣ ಮೊದಲೇ ಹೊಳೆದಿರಬೇಕು. ‘ಅಲ್ಲ ಕಣೋ, ನಿಮ್ಮಮ್ಮ ಸಾಕಾತು ಅಂದ್ರೆ...’ ಎಂದು ಶುರುಮಾಡಿದರು. ನಾನು ಅವರ ಕಾಲು ತುಳಿದೆ. ಚೆನ್ನಾಗಿಯೇ ತುಳಿದೆ. ಅವರು ಚೀಲ ಎತ್ತಿಕೊಂಡು ಕಾರಿನ ಕಡೆ ನಡೆದರು.

ತಂಡದ ಬಸ್ಸು ಬಿಟ್ಟು ಅವನು ನಮ್ಮ ಜೊತೆಗೇ ಮನೆಗೆ ಬಂದ, ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ನಿದ್ದೆ ಹೋದ. ಕಾರು ತುಂಬ ಚೀಲದ ವಾಸನೆ. ನಾನು ಯೋಚಿಸುತ್ತ ಕುಳಿತೆ. ಮೆಟ್ಟಿಲ ಮೇಲೆ ಕುಳಿತು ನಾನು ಸಾಕಾತು ಎಂದಾಗಲೆಲ್ಲ ಈ ಹುಡುಗ ಕೇಳಿಸಿಕೊಂಡದ್ದು, ಅಮ್ಮನ ಹೊಟ್ಟೆ ತುಂಬಿದೆ, ಅಮ್ಮನಿಗೆ ಇನ್ನೇನೂ ಬೇಡ ಎಂದು. ಅದಕ್ಕೇ ಗುಡ್ ಎಂದು ಆಡಲು ಹೋಗುತ್ತಿದ್ದ. ನಾನು ಬದುಕಿದ ಮನೆಯಲ್ಲಿ ಒಬ್ಬಳು ದಣಿದ ಹೆಂಗಸಿದ್ದಳು. ಅವನು ಬೆಳೆದ ಮನೆಯಲ್ಲಿ ದಿನಾ ಸಂಜೆ ತೃಪ್ತಿಯಾಗಿ ಕೆಲಸದಿಂದ ಬರುವ ತಾಯಿಯಿದ್ದಳು. ಅಂಥ ತಾಯಿ ಅವನಿಗೆ ಸಿಕ್ಕಿದ್ದಳಲ್ಲ ಎಂದು ನನಗೆ ಸಂತೋಷವಾಯಿತು. ಅವಳ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಮನೆಗೆ ಬಂದು ಎಂದಿನ ಮೆಟ್ಟಿಲ ಮೇಲೆ ಕುಳಿತು ಶೂ ಬಿಚ್ಚಿದೆ. ಗಂಡ ಅಡುಗೆಮನೆಗೆ ಹೋದರು. ಬಾಗಿಲ ಹೊರಗೆ ಮಗ ಚೀಲವನ್ನು ಗ್ಯಾರೇಜಿನೊಳಕ್ಕೆ ತಳ್ಳುವ ಸದ್ದು ಕೇಳುತ್ತಿತ್ತು. ಬೆಳಿಗ್ಗೆ ಮತ್ತೆ ಡ್ಯೂಟಿ ಇತ್ತು, ಕಾಲು ನನ್ನವಾಗಿರಲಿಲ್ಲ.

‘ಸಾಕಾತು,’ ಎಂದೆ.

‘ಗುಡ್,’ ಎಂದ ಅವನು ಗ್ಯಾರೇಜಿನಿಂದ.