ತುಂಡು ವೈ, ಇಡೀ ಅಪವಾದ

ಮದುವೆಯಾಗಿ ನಾಲ್ಕನೇ ವರ್ಷ ಹರಿಹರದ ಲೇಡಿ ಡಾಕ್ಟರು ನನಗೆ ಡಿ ಅಂಡ್ ಸಿ ಮಾಡಿದರು. ಗರ್ಭಕೋಶ ಕೆರೆದು ನೋಡುವುದು. ಏನೂ ಸಿಗಲಿಲ್ಲ. ಮರುವರ್ಷ ಇನ್ನೊಮ್ಮೆ ಕೆರೆದರು. ಆಗಲೂ ಏನೂ ಸಿಗಲಿಲ್ಲ. ಆದರೂ ರೋಗಿ ನಾನೇ.

ದಾವಣಗೆರೆಯ ಮಂಡಿಪೇಟೆಯಲ್ಲಿ ಹತ್ತಿ ವ್ಯಾಪಾರ ಮಾಡುವ ನಮ್ಮ ಮನೆಯವರನ್ನು ಮಾತ್ರ ಯಾರೂ ಆಸ್ಪತ್ರೆಯ ಮೆಟ್ಟಿಲು ಹತ್ತಿಸಲಿಲ್ಲ. ಗಂಡಸಿಗೆಂಥ ಪರೀಕ್ಷೆ! ಅತ್ತೆಯಂತೂ ನನ್ನನ್ನು ಬಂಜೆಯೆಂದು ಓಣಿಗೆಲ್ಲ ಸಾರಿ, ಮಗನಿಗೆ ಗುತ್ತೂರಿನಲ್ಲಿ ಎರಡನೇ ಹೆಣ್ಣು ಗೊತ್ತು ಮಾಡಿದರು. ಕಾನೂನು ಒಪ್ಪದಿದ್ದರೇನು, ಗುಟ್ಟಾಗಿ ತಾಳಿ ಕಟ್ಟಿಸಿದರಾಯಿತಂತೆ. ನಾನೇ ಆ ಹುಡುಗಿಗೆ ಉಡಿ ತುಂಬಿ ನನ್ನ ಒಪ್ಪಿಗೆ ತೋರಿಸಬೇಕಂತೆ.

ಮೈಯೆಲ್ಲ ಉರಿದುಹೋಯಿತು.

"ಮೊದ್ಲು ನಿಮ್ಮ ಮಗನ್ನ ತೋರಿಸ್ರಿ. ಆಮ್ಯಾಲೆ ಉಡಿ ತುಂಬ್ತೀನಿ" ಎಂದು ಹಟ ಹಿಡಿದೆ.

ಕೊನೆಗೆ ಮನೆಯವರು ಒಪ್ಪಿದರು. ದಾವಣಗೆರೆಯ ಡಾಕ್ಟರು ವೀರ್ಯ ಪರೀಕ್ಷೆ ಮಾಡಿಸಿದರು. ಅದರಲ್ಲಿ ವೀರ್ಯಾಣುಗಳೇ ಇರಲಿಲ್ಲ. ಬೊಂಬಾಯಿಯ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಮಾವನವರೂ ನಮ್ಮಿಬ್ಬರ ಜೊತೆಗೆ ಬಂದರು. ಅಲ್ಲಿ ತಂದೆ, ಮಗ ಇಬ್ಬರ ರಕ್ತವನ್ನೂ ತೆಗೆದುಕೊಂಡರು. ಕೆಲವು ವಾರಗಳ ಮೇಲೆ ಮೂವರನ್ನೂ ಕರೆಸಿ ಡಾಕ್ಟರು ತಿಳಿಸಿ ಹೇಳಿದರು: ವೈ ಕ್ರೋಮೋಸೋಮ್ ಎಂಬುದು ತಂದೆಯಿಂದ ಮಗನಿಗೆ ಬರುತ್ತದೆ. ಮಾವನವರದು ಪೂರ್ತಿ ಇದೆ. ಮಗನದರಲ್ಲಿ ಕೊನೆಯ ತುಂಡೇ ಇಲ್ಲ. ಮಗ ಹುಟ್ಟುವ ಮೊದಲೇ ಮುರಿದುಹೋಗಿದೆ, ಅದೇ ಕಾರಣವಿರಬಹುದು. ಔಷಧವಿಲ್ಲ. ಯಾರ ತಪ್ಪೂ ಅಲ್ಲ.

ಮನೆಗೆ ಬಂದವರೇ ಮಾವ ಅತ್ತೆಯ ಮೇಲೆ ಹರಿಹಾಯ್ದರು.

"ನಂದು ಸರಿ ಐತಂತೆ. ಕೆಟ್ಟಿದ್ದು ನಿನ್ನ ತವರಿನ ರಕ್ತ!"

ಅತ್ತೆಯ ಮುಖ ಕಪ್ಪಿಟ್ಟಿತು. ನಾನು ಖುಷಿಪಡಬೇಕಿತ್ತು, ಆಗಲಿಲ್ಲ. ನನ್ನ ತಲೆಯಿಂದ ಇಳಿದ ಅಪವಾದ ಇನ್ನೊಬ್ಬ ಹೆಂಗಸಿನ ತಲೆಗೇ ಏರಬೇಕೆ? ಮಾವನೆದುರು ಎಂದೂ ಬಾಯಿ ತೆರೆಯದವಳು ಕೂಗಿಯೇಬಿಟ್ಟೆ: "ಆ ವೈ ತಾಯಿ ಕಡೆಯಿಂದ ಬರಂಗೇ ಇಲ್ಲ ಮಾವಾರೆ! ಡಾಕ್ಟ್ರು ಹೇಳುವಾಗ ನೀವೂ ಅಲ್ಲೇ ಕುಂತಿದ್ರಿ."

ನಮ್ಮ ಮನೆಯವರು ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದರು. ಪಾಪ ಅನಿಸಿತು. ಸಿಟ್ಟೂ ಬಂತು.

ಮರುದಿನ ಅತ್ತೆ ಒಬ್ಬರೇ ಗುತ್ತೂರಿಗೆ ಹೋಗಿಬಂದರು.

"ಏನಂದ್ರಿ ಅತ್ತೆ?"

"ನನ್ನ ಮಗನಿಗೆ ಮಕ್ಕಳಾಗಲ್ಲ, ಹುಡುಗಿ ಕೊಡಬ್ಯಾಡ್ರಿ ಅಂದೆ. ನಿನ್ನ ಹೆಸರು ಕೆಡಿಸಿದ್ದು ಇದೇ ಬಾಯಿ. ಇದರಿಂದ್ಲೇ ಹೇಳಬೇಕಿತ್ತು."

ಮಕ್ಕಳಾಗುವುದಿಲ್ಲ ಎಂಬುದನ್ನು ನಿಧಾನವಾಗಿ ಒಪ್ಪಿಕೊಳ್ಳುತ್ತಿದ್ದೇನೆ. ನನ್ನನ್ನು ಸುಮ್ಮಸುಮ್ಮನೆ ಕೆರೆದದ್ದಕ್ಕೆ ಯಾರೂ ತಪ್ಪಾಯಿತು ಅಂದಿಲ್ಲ. ಆ ಸಿಟ್ಟು ಇದೆ, ಇರಲಿ. ಗುತ್ತೂರಿನ ಹುಡುಗಿಯನ್ನಾದರೂ ಯಾರೂ ಆಸ್ಪತ್ರೆಯ ಆ ಟೇಬಲ್ಲಿನ ಮೇಲೆ ಮಲಗಿಸುವುದಿಲ್ಲ.