ಪೋಸ್ಟರಿಗೆ ಹೊಂದದ ಮಗಳು

ಗೋಡೆಯ ಮೇಲಿನ ಪೋಸ್ಟರಿನಲ್ಲಿ ಕಪ್ಪು ಮೀಸೆ ಬಿಟ್ಟು ನಗುತ್ತಿದ್ದವರು ನಮ್ಮ ಪಕ್ಕದ ಫ್ಲ್ಯಾಟಿನ ರಾಮಮೂರ್ತಿ. ಅದರ ಎದುರು ನರೆತ ಮೀಸೆಯಲ್ಲಿ ನಗುತ್ತಿದ್ದವರೂ ಅವರೇ.

ದೆಹಲಿಯಲ್ಲಿ ಕಳೆದ ಭಾನುವಾರ ಹಳೆಯ ಸರ್ಕಾರಿ ಜಾಹೀರಾತುಗಳ ಪ್ರದರ್ಶನವಿತ್ತು. ಪ್ರಚಾರ ಇಲಾಖೆಯಲ್ಲಿ ದುಡಿದು ನಿವೃತ್ತರಾದ ರಾಮಮೂರ್ತಿ, ನಮ್ಮ ದ್ವಾರಕಾ ಬಡಾವಣೆಯಿಂದ ನನ್ನನ್ನೂ ಮೆಟ್ರೋ ಹತ್ತಿಸಿಕೊಂಡು ಬಂದಿದ್ದರು. ಅವರ ಕಿರಿಮಗಳು ಶುಭಾ ನೋಯ್ಡಾದಿಂದ ಬಂದಿದ್ದಳು.

ಯಾವ ಸರಕನ್ನೂ ಮಾರದ ಈ ಜಾಹೀರಾತುಗಳು ದೊಡ್ಡದಾಗಿ ಬೆಳೆದದ್ದು ಮಹಾಯುದ್ಧಗಳ ಕಾಲದಲ್ಲಿ. ಸೈನ್ಯ ಸೇರಿ, ಯುದ್ಧಕ್ಕೆ ಸಾಲ ಕೊಡಿ, ಗುಟ್ಟು ಬಿಡಬೇಡಿ ಎಂದು ಸರ್ಕಾರಗಳು ಗೋಡೆಗೋಡೆಯ ಮೇಲೆ ಹೇಳಿದವು. (ಸೋಪು ಮಾರುವ ಜಾಣತನವೇ. ಕೊಳ್ಳಬೇಕಾದದ್ದು ಮಾತ್ರ ಬೇರೆ.) ಯುದ್ಧ ಮುಗಿಯಿತು, ಅಭ್ಯಾಸ ಉಳಿಯಿತು. ನಮ್ಮಲ್ಲಿ ಅದು ಲಸಿಕೆ, ಸಾಕ್ಷರತೆ, ಕುಟುಂಬ ಯೋಜನೆ ಎಂದಿತು.

ಮಾಡೆಲ್‌ಗಳಿಗೆ ಬಜೆಟ್ ಎಲ್ಲಿತ್ತು? ರಾಮಮೂರ್ತಿಯವರ ಆಫೀಸಿನಲ್ಲಿ ಸಿಬ್ಬಂದಿಯ ಹೆಂಡಿರು ಮಕ್ಕಳೇ ಕ್ಯಾಮೆರಾ ಮುಂದೆ ನಿಲ್ಲುತ್ತಿದ್ದರು. ಈ ಪೋಸ್ಟರಿನಲ್ಲಿ ಅವರು, ಅವರ ಪತ್ನಿ, ಹಿರಿಮಗಳು, ಒಬ್ಬ ಹುಡುಗ. ಕೆಳಗೆ ಚಿಕ್ಕ ಸಂಸಾರದ ಸುಖದ ಬಗ್ಗೆ ಒಂದು ಸಾಲು.

“ಈ ಹುಡುಗ ಯಾರಪ್ಪಾ?” ಶುಭಾ ಕೇಳಿದಳು.

“ನಮ್ಮ ಸೆಕ್ಷನ್ನಿನ ಶರ್ಮಾನ ಮಗ.”

“ಅಚ್ಛಾ. ಮತ್ತೆ ನಾನು? ಪೈದಾನೇ ಆಗಿರಲಿಲ್ವಾ, ಹುಟ್ಟೇ ಇರಲಿಲ್ವಾ?”

“ಹುಟ್ಟಿದ್ದೆ ಪುಟ್ಟಿ. ನಿನಗೂ ಹೊಸ ಫ್ರಾಕ್ ಹಾಕಿಸಿ ಕರ್ಕೊಂಡು ಹೋಗಿದ್ದೆ. ಒಂದು ಗಂಡು, ಒಂದು ಹೆಣ್ಣು ಬೇಕು ಅಂದ್ರು ಸಾಹೇಬರು.”

“ನನ್ನ ತೆಗೆದು ಅವನನ್ನ ನಿಲ್ಲಿಸಿದ್ರಿ.”

“ಬರೀ ಜಾಹೀರಾತು ಕಣಮ್ಮ.”

“ಹೌದು. ಇಡೀ ದೇಶಕ್ಕೆ.”

ರಾಮಮೂರ್ತಿ ಕನ್ನಡಕ ತೆಗೆದು ಒರೆಸಿದರು.

ದಾಖಲಿಸಬೇಕಾದ ಸಂಗತಿ ಇಷ್ಟೇ. ಸರ್ಕಾರ ಇಬ್ಬರು ಮಕ್ಕಳು ಸಾಕು ಎಂದಿತು. ಈ ದಂಪತಿ ಇಬ್ಬರಿಗೇ ನಿಲ್ಲಿಸಿದರು. ಸಲಹೆಯನ್ನು ಚಾಚೂ ತಪ್ಪದೆ ಪಾಲಿಸಿದ ಸಂಸಾರವೇ ಆ ಸಲಹೆಯ ಪೋಸ್ಟರಿಗೆ ಹೊಂದಲಿಲ್ಲ. ಆ ಸಾಹೇಬರು ಕೆಟ್ಟವರೇನಲ್ಲ. ಜನ ನಂಬುವಂಥ ಸುಖೀ ಸಂಸಾರ ಅವರಿಗೆ ಬೇಕಿತ್ತು. ಜನ ಏನನ್ನು ನಂಬುತ್ತಾರೆಂದು ಅವರಿಗೆ ಗೊತ್ತಿತ್ತು. ತೊಂದರೆ ಇರುವುದೇ ಅಲ್ಲಿ, ಅಲ್ಲವೇ?

ಹೊರಡುವಾಗ ರಾಮಮೂರ್ತಿ ನನ್ನ ಕೈಗೆ ಫೋನ್ ಕೊಟ್ಟು, ಪೋಸ್ಟರಿನ ಪಕ್ಕ ನಿಂತರು. “ಬಾಮ್ಮ, ನೀನೂ ಬಾ” ಎಂದು ಮೆಲ್ಲಗೆ ಕರೆದರು.

ಶುಭಾ ಅವರ ಪಕ್ಕಕ್ಕೆ ಹೋಗಲಿಲ್ಲ. ಪೋಸ್ಟರಿನ ಹುಡುಗ ಪೂರ್ತಿ ಮರೆಯಾಗುವಂತೆ ಅವನ ಮುಂದೆ ನಿಂತಳು. “ಚಲೋ ಅಂಕಲ್, ಈಗ ತೆಗೀರಿ.”

ತೆಗೆದೆ. ಅಪ್ಪ, ಅಮ್ಮ, ಇಬ್ಬರು ಹೆಣ್ಣುಮಕ್ಕಳು.

ಆವತ್ತೇ ಇದನ್ನು ಅಚ್ಚು ಹಾಕಿದ್ದರೆ ಯಾರಿಗೆ ಏನು ನಷ್ಟವಾಗುತ್ತಿತ್ತು?